ನಾಲ್ಕು ಮೀಟರಿಗೆ ಐದು ಮಿಲಿಮೀಟರ್ ಕಡಿಮೆ

ನಮ್ಮ ಎತ್ತಿನ ಕೊಟ್ಟಿಗೆಯ ಉದ್ದ ಹದಿಮೂರೂವರೆ ಫೂಟು. ಎತ್ತು ಮಾರಿ ಮೂರು ವರ್ಷವಾಗಿತ್ತು. ಗೋದಲಿ ಒಡೆಸಿ, ನೆಲಕ್ಕೆ ಶಹಾಬಾದ್ ಫರಸಿ ಹಾಸಿಸಿ, ಕೊಟ್ಟಿಗೆಯನ್ನು ಬಾಯಿ ತೆರೆದು ಕೂಡಿಸಿದ್ದೆವು. ಹೋದ ದಸರೆಯ ಮುಂದೆ ಕಾರು ಕೊಳ್ಳುವ ಠರಾವು ಮನೆಯಲ್ಲಿ ಪಾಸಾದಾಗ ಉಳಿದವರೆಲ್ಲ ಬಣ್ಣಕ್ಕೆ ಜಗಳ ತೆಗೆದರು. ನಾನು ಮಾತ್ರ ನಮ್ಮ ಬೀದರ ಸೀಮೆಯ ಖಟಕ ಚಿಂಚೋಳಿಯ ಟೇಲರ್ ಅಂಗಡಿಗೆ ಹೋಗಿ ಅಳತೆ ಟೇಪು ಕಡ ತಂದೆ.

“ಯಾಕ್ರೀ ಮಾಸ್ತರ್, ಕಾರಿಗೂ ಅಂಗಿ ಹೊಲಿಸೋರಿದ್ದೀರೇನು?” ಅಂದ ಟೇಲರ್.

ಅವನ ಟೇಪು ಐದು ಫೂಟಿನದು. ಎರಡು ಸಲ ಪೂರ್ತಿ ಎಳೆದು, ಮೂರನೇ ಸಲ ಮುಕ್ಕಾಲಿಗೆ ತುಸು ಕಡಿಮೆ. ಕಂಪನಿಯ ಕರಪತ್ರ ತೆಗೆದು ನೋಡಿದೆ. ಕಾರಿನ ಉದ್ದ 3995 ಮಿಲಿಮೀಟರ್. ಅಂದರೆ ಹದಿಮೂರು ಫೂಟು, ಒಂದಿಂಚು, ಚೂರುಪಾರು. ಒಳಗೆ ಹೋಗುತ್ತದೆ, ಬಾಗಿಲೂ ಮುಚ್ಚುತ್ತದೆ. ಯಾವುದಕ್ಕೂ ಇರಲಿ ಎಂದು ಇನ್ನೊಂದು ಕಂಪನಿಯ ಕರಪತ್ರ ನೋಡಿದೆ: 3995. ಮೂರನೆಯದು: 3995. ಡಿಜೈರ್, ಅಮೇಜ್, ಬ್ರೆಜಾ, ವೆನ್ಯೂ, ಸೋನೆಟ್, ನೆಕ್ಸಾನ್, ಯಾವುದನ್ನು ತೆಗೆದರೂ ಅದೇ ಅಂಕಿ. ಜಪಾನಿನವರು, ಕೊರಿಯಾದವರು, ನಮ್ಮ ಟಾಟಾದವರು ಒಬ್ಬರ ಮುಖ ಒಬ್ಬರು ನೋಡದವರು. ಆದರೂ ಎಲ್ಲರೂ ನಮ್ಮ ಕೊಟ್ಟಿಗೆಗೆ ಅಳತೆ ತೆಗೆದುಕೊಂಡು ಹೋದವರ ಹಾಗೆ ಒಂದೇ ಗೆರೆಯ ಮೇಲೆ ಬಂದು ನಿಂತಿದ್ದಾರೆ.

ಒಂದು ಕ್ಷಣ ನನಗೆ ದೇವರ ಮೇಲೆ ನಂಬಿಕೆ ಬಂತು. ಆಮೇಲೆ ಗೊತ್ತಾಯಿತು, ಅದು ಬಜೆಟ್ಟು.

2006ರಲ್ಲಿ ಆಗಿನ ಹಣಕಾಸು ಮಂತ್ರಿ ಪಿ. ಚಿದಂಬರಂ ಅವರು ಸಣ್ಣ ಕಾರಿನ ಅಬಕಾರಿ ಸುಂಕವನ್ನು 24 ಪರ್ಸೆಂಟಿನಿಂದ 16ಕ್ಕೆ ಇಳಿಸಿದರು. ಸಣ್ಣದು ಎಂದರೆ ಎಷ್ಟು ಸಣ್ಣದು? ಉದ್ದ ನಾಲ್ಕು ಮೀಟರ್ ಮೀರಬಾರದು. ಪೆಟ್ರೋಲ್ ಇಂಜಿನ್ನಾದರೆ 1200 ಸಿಸಿ, ಡೀಸೆಲ್ಲಾದರೆ 1500 ಸಿಸಿ. ಅಲ್ಲಿಯವರೆಗೆ ಕಾರಿಗೆ ಮೂಗು ಎಲ್ಲಿ, ಬಾಲ ಎಲ್ಲಿ ಎಂದು ನಿರ್ಧರಿಸುತ್ತಿದ್ದವನು ಇಂಜಿನಿಯರು. ಅಂದಿನಿಂದ ಆ ಕೆಲಸ ತೆರಿಗೆ ಗುಮಾಸ್ತನದಾಯಿತು. 2008ರಲ್ಲಿ ಬಂದ ಮೊದಲ ಡಿಜೈರ್ 4160 ಮಿಲಿಮೀಟರ್ ಇತ್ತು, ನಮ್ಮ ಕೊಟ್ಟಿಗೆಗೆ ಎರಡು ಬೆರಳು ಜಾಸ್ತಿ. 2012ರಲ್ಲಿ ಅದರ ಬಾಲ ಕತ್ತರಿಸಿ 3995ಕ್ಕೆ ತಂದು ನಿಲ್ಲಿಸಿದರು. ಡಿಕ್ಕಿ 440 ಲೀಟರಿನಿಂದ 320ರ ಆಸುಪಾಸಿಗೆ ಇಳಿಯಿತು. ಮಹೀಂದ್ರಾದವರು ಕೊರಿಯಾದ ಸ್ಯಾಂಗ್‌ಯಾಂಗ್ ಟಿವೋಲಿ ಎಂಬ ನಾಲ್ಕೂಕಾಲು ಮೀಟರಿನ ಹತ್ತಿರದ ಕಾರನ್ನು ತಂದು, ಹಿಂದಿನ ಭಾಗ ಚೆಕ್ಕಿ, ಎಕ್ಸ್‌ಯುವಿ 300 ಎಂದು ನಾಮಕರಣ ಮಾಡಿದರು. ತಿರುಪತಿಗೆ ಹೋದವರು ಕೂದಲು ಕೊಟ್ಟು ಬರುತ್ತಾರೆ. ಭಾರತಕ್ಕೆ ಬಂದ ಕಾರು ಡಿಕ್ಕಿ ಕೊಟ್ಟು ಒಳಗೆ ಬರುತ್ತದೆ.

ಈಗಂತೂ, 2025ರ ಸೆಪ್ಟೆಂಬರ್ 22ರಿಂದ, ನಾಲ್ಕು ಮೀಟರಿನೊಳಗಿನ ಸಣ್ಣ ಇಂಜಿನ್ನಿನ ಕಾರಿಗೆ ಜಿಎಸ್‌ಟಿ 18, ಅದನ್ನು ದಾಟಿದರೆ 40. ನಾಲ್ಕು ಸಾವಿರದ ಒಂದನೇ ಮಿಲಿಮೀಟರಿನ ಬೆಲೆ 22 ಪರ್ಸೆಂಟು. ಇಷ್ಟು ತುಟ್ಟಿಯ ಮಿಲಿಮೀಟರು ಬೆಂಗಳೂರಿನ ಎಂ.ಜಿ. ರಸ್ತೆಯ ಸೈಟಿನಲ್ಲೂ ಸಿಗಲಿಕ್ಕಿಲ್ಲ. ಉಳಿದ ಆ ಐದು ಮಿಲಿಮೀಟರ್ ಯಾಕೆ ಬಿಟ್ಟರು ಅಂತೀರಾ? ಇನ್ಸ್‌ಪೆಕ್ಟರನ ಟೇಪು ಯಾವ ಕಡೆಯಿಂದ ಎಳೆಯುತ್ತದೋ ಯಾರು ಬಲ್ಲರು.

ಶೋರೂಮಿನ ಹುಡುಗ ಮಾತ್ರ ಟೇಪಿನ ಸುದ್ದಿ ಎತ್ತಲೇ ಇಲ್ಲ. ಅವನ ಕೊರಳಲ್ಲಿ ಟೈ, ಕೈಯಲ್ಲಿ ಟ್ಯಾಬು.

“ಸರ್, ಈ ಗಾಡಿ ಇಂಡಿಯಾಕ್ಕಂತನೇ ಸ್ಪೆಷಲ್ ಡಿಸೈನ್ ಮಾಡ್ಯಾರ್ರಿ. ಎಕ್ಸ್‌ಪೋರ್ಟ್ ಮಾಡೆಲ್ ಬ್ಯಾರೇ ಅದ.”

“ಏನಪ್ಪಾ ಸ್ಪೆಷಲ್?”

“ಹಿಂದಿನ ಸೀಟಿಗೂ ಎಸಿ ಗಾಳಿ ಬರ್ತದ. ನೆಲದಿಂದ ಎತ್ತರ ಅದ, ಬ್ರೇಕರಿಗೆ ಹೊಟ್ಟಿ ತಾಕಂಗಿಲ್ಲ. ಹಾರನ್ ಗಟ್ಟಿ ಅದ. ಮೈಲೇಜಂತೂ ಕೇಳಬ್ಯಾಡ್ರಿ.”

ಕೇಳಬೇಡ ಎಂದರೂ ಕೇಳಿದೆ. ಕೇಳದಿದ್ದರೆ ಭಾರತೀಯ ಹೇಗಾದೇನು? “ಎಷ್ಟು ಕೊಡ್ತದ?” ಎಂಬುದು ನಮ್ಮ ರಾಷ್ಟ್ರೀಯ ಪ್ರಶ್ನೆ. ಎಮ್ಮೆಗೆ ಕೇಳುತ್ತೇವೆ, ಕೊಳವೆಬಾವಿಗೆ ಕೇಳುತ್ತೇವೆ, ಚುನಾವಣೆಗೆ ನಿಂತವನಿಗೂ ಕೇಳುತ್ತೇವೆ.

ಹಾರನ್ನಿನ ಮಾತು ಸುಳ್ಳಲ್ಲ. ಆಡಿ ಕಂಪನಿಯ ಭಾರತದ ಮುಖ್ಯಸ್ಥರೇ 2012ರಲ್ಲಿ ಹೇಳಿದ್ದರು: ಜರ್ಮನಿಯವ ಒಂದು ವರ್ಷದಲ್ಲಿ ಬಾರಿಸುವಷ್ಟು ಹಾರನ್ನನ್ನು ಮುಂಬೈನವ ಒಂದೇ ದಿನದಲ್ಲಿ ಬಾರಿಸುತ್ತಾನೆ, ಆದ್ದರಿಂದ ನಮಗೆ ಗಟ್ಟಿಮುಟ್ಟಾದ ಬೇರೆ ಹಾರನ್ನೇ ಬೇಕು ಎಂದು. ಅವರು ಹುಮನಾಬಾದ್ ಬಸ್‌ಸ್ಟ್ಯಾಂಡಿನ ಮುಂದೆ ಒಂದು ತಾಸು ನಿಂತಿದ್ದರೆ ಹಾರನ್ನಿಗೆ ಪ್ರತ್ಯೇಕ ಕಾರ್ಖಾನೆಯನ್ನೇ ತೆಗೆಯುತ್ತಿದ್ದರು.

ಹಿಂದಿನ ಸೀಟಿನ ಉಪಚಾರಕ್ಕೆ ನಮ್ಮ ಸೀಮೆಯಲ್ಲಿ ಇನ್ನೂ ಹಳೆಯ ದಾಖಲೆ ಇದೆ. 1956ರವರೆಗೆ ಬೀದರ ಹೈದರಾಬಾದಿಗೆ ಸೇರಿತ್ತಲ್ಲ. ಅಲ್ಲಿನ ನಿಜಾಮರು 1911ರ ಸುಮಾರಿಗೆ ಇಂಗ್ಲೆಂಡಿನ ರೋಲ್ಸ್ ರಾಯ್ಸ್‌ಗೆ ಒಂದು ಸಿಲ್ವರ್ ಘೋಸ್ಟ್ ಹೇಳಿ ಮಾಡಿಸಿದರು. ಹಳದಿ ಬಣ್ಣ, ಹಿಂದುಗಡೆ ಎತ್ತರದ ಸಿಂಹಾಸನ; ಪ್ರಜೆಗಳು ಕತ್ತು ಎತ್ತಿ ನೋಡಬೇಕು. ಹೇಳಿ ಮಾಡಿಸಿದವರು ಮೆಹಬೂಬ್ ಅಲಿ ಖಾನ್. ಅದು ಬಂದು ಸೇರುವ ಹೊತ್ತಿಗೆ ಗಾದಿಯ ಮೇಲಿದ್ದವರು ಮಗ ಉಸ್ಮಾನ್ ಅಲಿ ಖಾನ್. ಓಡಿದ್ದು ಕೆಲವೇ ನೂರು ಮೈಲಿ. ಈಗಲೂ ಚೌಮೊಹಲ್ಲಾ ಅರಮನೆಯಲ್ಲಿ ಕೂತಿದೆ. ‘ಇಂಡಿಯಾಕ್ಕಂತನೇ ಸ್ಪೆಷಲ್’ ಎಂಬ ಮಾತಿಗೆ ನಮ್ಮ ಕಡೆಯ ಮೊದಲ ಗಿರಾಕಿ ಅವರೇ ಇರಬೇಕು. ಕಂತು ಕಟ್ಟಿದವರು ಭಾಲ್ಕಿ, ಔರಾದ ಸೀಮೆಯ ಜೋಳ ಬೆಳೆಯುವವರೂ ಸೇರಿ, ಕಾರಿನ ಮುಖ ನೋಡದ ಜನ.

ಈಗ ಬಿಎಂಡಬ್ಲ್ಯು, ಬೆಂಜ್‌ನವರು ಚೀನಾಕ್ಕೂ ನಮಗೂ ಕಾರನ್ನು ಮಧ್ಯದಲ್ಲಿ ಹಿಗ್ಗಿಸಿ ಕೊಡುತ್ತಾರೆ. ಸಾಹುಕಾರ ಹಿಂದೆ ಕೂಡುತ್ತಾನೆ, ಕಾಲು ಚಾಚಬೇಕು ಎಂಬ ಲೆಕ್ಕ. ಆದರೆ ನಮ್ಮ ಜಿಲ್ಲೆಯನ್ನು ಅವರು ಸರಿಯಾಗಿ ಓದಿಲ್ಲ. ನಮ್ಮ ಮುಖಂಡರು ಹಿಂದೆ ಕೂತದ್ದನ್ನು ಕಂಡವರಿಲ್ಲ. ಅವರದು ಮುಂದಿನ ಎಡಗಡೆಯ ಸೀಟು, ಗಾಜು ಇಳಿದಿರಬೇಕು, ಮೊಣಕೈ ಹೊರಗಿರಬೇಕು. ಹಿಂದೆ ಐದು ಮಂದಿ ಕಾರ್ಯಕರ್ತರು ಒಬ್ಬರ ತೊಡೆ ಮೇಲೊಬ್ಬರು. ಕರ್ನಾಟಕಕ್ಕೆ ಕಾರು ಹಿಗ್ಗಿಸುವುದಾದರೆ ಮುಂದಿನ ಎಡಬಾಗಿಲನ್ನು ಹಿಗ್ಗಿಸಿ.

ಬಿಡದಿಯ ಟೊಯೋಟಾದವರು ಇದನ್ನು ಬೇಗ ಅರ್ಥ ಮಾಡಿಕೊಂಡಿದ್ದರು. 2000ದಲ್ಲಿ ಅವರು ನಮಗೆ ಮೊದಲು ಕೊಟ್ಟದ್ದು ಲೋಕವೆಲ್ಲ ಓಡಿಸುವ ಕೊರೊಲ್ಲಾ ಅಲ್ಲ. ಇಂಡೋನೇಷ್ಯಾದಲ್ಲಿ ಕಿಜಾಂಗ್ ಎಂದು ಓಡುತ್ತಿದ್ದ ಡಬ್ಬಿಯನ್ನು ಕ್ವಾಲಿಸ್ ಎಂದು ಕರೆದು ಕೊಟ್ಟರು. ಪೇಪರಿನವರು ನಕ್ಕರು. ಡಬ್ಬಿ ಮಾತ್ರ ಪಂಚಾಯ್ತಿಯಿಂದ ಪಾರ್ಲಿಮೆಂಟಿನವರೆಗೆ ಎಲ್ಲರನ್ನೂ ಹೊತ್ತಿತು. ಇನ್ನೂ ಖರ್ಚಾಗುತ್ತಿರುವಾಗಲೇ 2005ರಲ್ಲಿ ಅದನ್ನು ನಿಲ್ಲಿಸಿ ಇನ್ನೋವಾ ತಂದರು. ಆಮೇಲೆ ಬಿಡದಿಯಲ್ಲೇ ತಯಾರಾಗುತ್ತಿದ್ದ ಕೊರೊಲ್ಲಾ 2020ರಲ್ಲಿ ಸದ್ದಿಲ್ಲದೆ ಎದ್ದುಹೋಯಿತು. ಈಗ ಮಾರುತಿಯ ಬಲೆನೋ ಟೊಯೋಟಾ ಅಂಗಡಿಯಲ್ಲಿ ಗ್ಲಾಂಝಾ ಆಗುತ್ತದೆ. ಬಿಡದಿಯಲ್ಲಿ ಹುಟ್ಟಿದ ಒಂದೇ ಗಾಡಿ ಒಂದು ಅಂಗಡಿಯಲ್ಲಿ ಹೈರೈಡರ್, ಇನ್ನೊಂದರಲ್ಲಿ ಗ್ರ್ಯಾಂಡ್ ವಿಟಾರಾ. ಕಾರಹುಣ್ಣಿಮೆಗೆ ಅದೇ ಎತ್ತಿಗೆ ಜೂಲು ಬದಲಿಸಿ ಎರಡು ಓಣಿಯಲ್ಲಿ ಮೆರೆಸಿದ ಹಾಗೆ. ದೇಶಕ್ಕೊಂದು ಮಾಡೆಲ್ ಎಂಬ ಕಾಲವೂ ಹೋಯಿತು, ಈಗ ಅಂಗಡಿಗೊಂದು ಹೆಸರು.

ಟೇಪು ಹಿಡಿದವರು ನಾವೊಬ್ಬರೇ ಅಲ್ಲ ಬಿಡಿ. ಜಪಾನಿನಲ್ಲಿ ‘ಕೇ’ ಕಾರು ಎಂಬ ಜಾತಿ ಇದೆ: ಉದ್ದ 3.4 ಮೀಟರ್, ಅಗಲ 1.48, ಇಂಜಿನ್ 660 ಸಿಸಿ. ಅಷ್ಟರೊಳಗಿದ್ದರೆ ತೆರಿಗೆ ಕಡಿಮೆ, ನಂಬರ್ ಪ್ಲೇಟು ಹಳದಿ. ಅಲ್ಲಿ ಸುಜುಕಿ ಜಿಮ್ನಿ ಆ ಗೂಡಿನೊಳಗೆ ಮುದುಡಿಕೊಂಡು ಹುಟ್ಟುತ್ತದೆ. ಇಲ್ಲಿ 2023ರಲ್ಲಿ ಅದನ್ನು ಐದು ಬಾಗಿಲಿಗೆ ಎಳೆದರು, ಎಳೆದೂ 3985ಕ್ಕೆ ನಿಲ್ಲಿಸಿದರು. ನಮ್ಮವರು ಒಳಗೆ ಕೂತು ನೋಡಿದರು, ಬಾಗಿಲು ಬಡಿದು ನೋಡಿದರು, ಎಷ್ಟು ಕೊಡ್ತದ ಎಂದು ಕೇಳಿ ಮನೆಗೆ ಹೋದರು. 2025ರ ಜನವರಿ ಕೊನೆಗೆ ಅದೇ ಗಾಡಿಯನ್ನು ಹಡಗಿಗೆ ಹಾಕಿ ಜಪಾನಿಗೆ ಕಳಿಸಿ ‘ನೊಮಾಡ್’ ಎಂದು ಕರೆದಾಗ ನಾಲ್ಕೈದು ದಿನದಲ್ಲಿ 50,000 ಮಂದಿ ಮುಂಗಡ ಬರೆಸಿದರು. ಕಂಪನಿ ಸಾಕಪ್ಪಾ ಎಂದು ಬುಕ್ಕಿಂಗ್ ಬಂದ್ ಮಾಡಿತು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆಯನ್ನು ಯಾರಾದರೂ ಜಪಾನಿಗೂ ಕಳಿಸಬೇಕು.

ಆದರೆ ಹೊರದೇಶದ ಮಾತು ಹೊರಗಿರಲಿ. ಬೇರೆ ಮಾರುಕಟ್ಟೆಗೆ ಬೇರೆ ಮಾಡೆಲ್ ಎಂದರೆ ಏನೆಂದು ತಿಳಿಯಲು ಖಟಕ ಚಿಂಚೋಳಿಯವನು ಪಾಸ್‌ಪೋರ್ಟ್ ಮಾಡಿಸಬೇಕಾಗಿಲ್ಲ. ನಮ್ಮ ಸುತ್ತ ಮೂರು ರಾಜ್ಯ. ಸಂಬಂಧಿಕರ ಮದುವೆಗೆ ಹೋಗಿ ನಿಲ್ಲಿಸಿದ ಗಾಡಿಗಳನ್ನು ನೋಡಿ: ಕೆಎ 39 ಭಾಲ್ಕಿ, ಕೆಎ 38 ಬೀದರ, ಎಂಎಚ್ 24 ಲಾತೂರ, ಎಂಎಚ್ 26 ನಾಂದೇಡ, ನಡುವೆ ಒಂದೆರಡು ತೆಲಂಗಾಣದವು. ನಮ್ಮಲ್ಲಿ ಗಾಡಿ ಕೊಂಡವನಿಗೆ ಯಾವ ಕಂಪನಿ ಎಂದು ಯಾರೂ ಮೊದಲು ಕೇಳುವುದಿಲ್ಲ. “ಪಾಸಿಂಗ್ ಎಲ್ಲೀದು?” ಎನ್ನುತ್ತಾರೆ. ಐದರಿಂದ ಹತ್ತು ಲಕ್ಷದ ಕಾರಿಗೆ ಕರ್ನಾಟಕದ ಆಜೀವ ತೆರಿಗೆ 14 ಪರ್ಸೆಂಟು, ಅದರ ತಲೆಯ ಮೇಲೆ ಸೆಸ್ಸು. ಅದೇ ಪೆಟ್ರೋಲ್ ಕಾರಿಗೆ ಮಹಾರಾಷ್ಟ್ರದಲ್ಲಿ 11. ಹೀಗಾಗಿ ಕಾರು ಕೊಳ್ಳುವ ಹೊತ್ತಿಗೆ ಸರಿಯಾಗಿ ನಮ್ಮವರಿಗೆ ಗಡಿಯಾಚೆಯ ಉದಗೀರದ ಸೋದರತ್ತೆಯ ನೆನಪು ಉಕ್ಕುತ್ತದೆ. ಹತ್ತು ವರ್ಷ ಮಾತು ಬಿಟ್ಟವರು ಸೀರೆ, ಕುಪ್ಪಸ, ಪೇಡೆ ಹಿಡಿದು ಹೋಗುತ್ತಾರೆ. ಅತ್ತೆಯ ಕಣ್ಣಲ್ಲಿ ನೀರು. ಇವರ ಕಣ್ಣು ಅತ್ತೆಯ ವಿದ್ಯುತ್ ಬಿಲ್ಲಿನ ಮೇಲೆ, ವಿಳಾಸದ ಪುರಾವೆಗೆ. ಬೇರೆ ರಾಜ್ಯದ ಗಾಡಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿದ್ದರೆ ಇಲ್ಲಿಯ ನಂಬರ್ ಮಾಡಿಸಬೇಕು ಎಂಬ ಕಾನೂನಿದೆ. ಇದೆ ಎಂದಷ್ಟೇ ಹೇಳಿದೆ.

ಇದಕ್ಕಿಂತ ಚೆಂದದ ಕತೆ ಹೊಗೆಯದು. 2010ರ ಏಪ್ರಿಲ್‌ನಲ್ಲಿ ಭಾರತ ಸರ್ಕಾರ ದೇಶವನ್ನು ಎರಡು ದೇಶ ಮಾಡಿತು, ಪೇಪರಿನಲ್ಲಿ ದೊಡ್ಡ ಸುದ್ದಿಯೂ ಆಗಲಿಲ್ಲ. ಹದಿಮೂರು ಶಹರಗಳಿಗೆ ಬಿಎಸ್-4 ಎಂಬ ಕಡಿಮೆ ಹೊಗೆಯ ಕಾರು, ಅದಕ್ಕೆ ತಕ್ಕ ಕಡಿಮೆ ಗಂಧಕದ ಎಣ್ಣೆ. ಉಳಿದ ಊರುಗಳಿಗೆ ಬಿಎಸ್-3. ಆ ಹದಿಮೂರರಲ್ಲಿ ಬೆಂಗಳೂರು ಇತ್ತು, ಇರಲಿ, ರಾಜಧಾನಿ. ಹೈದರಾಬಾದ್ ಇತ್ತು, ಇರಲಿ, ನಮ್ಮ ಹಳೆಯ ರಾಜಧಾನಿ. ಸೊಲ್ಲಾಪುರವೂ ಇತ್ತು! ಆಗ ರಾಷ್ಟ್ರೀಯ ಹೆದ್ದಾರಿ 9 ಎನ್ನುತ್ತಿದ್ದ, ಈಗ 65 ಎನ್ನುವ ರಸ್ತೆಯನ್ನು ನೆನಪಿಸಿಕೊಳ್ಳಿ. ನಮ್ಮ ಪಡುವಣಕ್ಕೆ ಸೊಲ್ಲಾಪುರ, ಮೂಡಣಕ್ಕೆ ಹೈದರಾಬಾದ್, ಎರಡಕ್ಕೂ ಶುದ್ಧ ಗಾಳಿ ಮಂಜೂರು. ನಡುವೆ ಬಸವಕಲ್ಯಾಣ, ಹುಮನಾಬಾದ್, ಅದರ ಬಗಲಿಗೆ ನಾವು. ನಮ್ಮ ಪುಪ್ಪುಸ ಗಟ್ಟಿ ಎಂದು ಸರ್ಕಾರಕ್ಕೆ ಯಾರು ಹೇಳಿದರೋ ಕಾಣೆ. ಗೊಬ್ಬರದ ಹೊಗೆ, ಒಲೆ ಹೊಗೆ, ಬೀಡಿ ಹೊಗೆ ಕುಡಿದವರಿಗೆ ಇದೇನು ಹೆಚ್ಚು ಎಂದಿರಬೇಕು. ಸೊಲ್ಲಾಪುರದವ ಕೆಮ್ಮಿದರೆ ಕಾಯಿಲೆ, ಖಟಕ ಚಿಂಚೋಳಿಯವ ಕೆಮ್ಮಿದರೆ ಅಭ್ಯಾಸ.

ಏಳು ವರ್ಷ ಹಾಗೇ ನಡೆಯಿತು. 2017ರ ಏಪ್ರಿಲ್ ಒಂದರಿಂದ ಬಿಎಸ್-3 ಗಾಡಿ ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟು ಮಾರ್ಚ್ ಕೊನೆಗೆ ಹೇಳಿದ್ದೇ ತಡ, ಎರಡು ದಿನ ಮೋಟಾರ್‌ಸೈಕಲ್ ಅಂಗಡಿಗಳ ಮುಂದೆ ಜಾತ್ರೆ. ಸಾವಿರಾರು ರೂಪಾಯಿ ಸೋಡಿ. ಹೊಗೆಯನ್ನು ನಮಗೆ ಕೊಡಬೇಡಿ ಎಂದು ಕೋರ್ಟು ಹೇಳುತ್ತಿದ್ದರೆ, ಅಗ್ಗವಾಗಿ ಕೊಡಿ ಎಂದು ನಾವು ಸರತಿಯಲ್ಲಿ ನಿಂತಿದ್ದೆವು. ನಾನೂ ನಿಂತಿದ್ದೆ. ನನ್ನ ಪಾಳಿ ಬರುವುದರೊಳಗೆ ಸ್ಟಾಕು ಮುಗಿಯಿತು, ಅದಕ್ಕೇ ಇಷ್ಟು ನೈತಿಕತೆ ಉಳಿದಿದೆ.

ಒಂದು ಶಹರಕ್ಕಂತಲೇ ಇಂಜಿನ್ ಮಾಡಿದ್ದೂ ಉಂಟು. 2015ರ ಡಿಸೆಂಬರಿನಲ್ಲಿ ದೆಹಲಿ ಸೀಮೆಯಲ್ಲಿ 2000 ಸಿಸಿ ಮೇಲಿನ ಡೀಸೆಲ್ ಕಾರಿನ ನೋಂದಣಿಗೆ ಸುಪ್ರೀಂ ಕೋರ್ಟು ತಡೆ ಹಾಕಿತು. ಮಹೀಂದ್ರಾದವರು ಮುಂದಿನ ತಿಂಗಳೇ 1.99 ಲೀಟರಿನ ಇಂಜಿನ್ ಹೊರತೆಗೆದರು. ಕನ್ನಡ ಶಾಲೆಯ ಮಕ್ಕಳು ಮೂವತ್ತೈದಕ್ಕೆ ಪಾಸಾಗುವಷ್ಟೇ ಅಚ್ಚುಕಟ್ಟು. ದೆಹಲಿಯ ಗಾಳಿ ಎಷ್ಟು ತಿಳಿಯಾಯಿತು ಎಂದು ಪ್ರತಿ ದೀಪಾವಳಿಗೆ ಟಿವಿಯಲ್ಲಿ ತೋರಿಸುತ್ತಾರೆ.

ಈವರೆಗಿನದೆಲ್ಲ ನಗುವ ಮಾತು. ಇನ್ನು ಹೇಳುವುದಕ್ಕೆ ನಗು ಬರುವುದಿಲ್ಲ, ಆದರೂ ನಕ್ಕೇ ಹೇಳುತ್ತೇನೆ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಕಾರುಗಳನ್ನು ತಂದು ಗೋಡೆಗೆ ಗುದ್ದಿಸಿತು: ಆಲ್ಟೋ 800, ನ್ಯಾನೋ, ಫಿಗೋ, ಐ10, ಪೋಲೋ. ಐದಕ್ಕೂ ಬಿದ್ದ ನಕ್ಷತ್ರ ಸೊನ್ನೆ. ಪೋಲೋ ಜರ್ಮನಿಯ ಮನೆತನದ ಹುಡುಗ, ಅವನಿಗೂ ಸೊನ್ನೆ. ಅದೇ ಪೋಲೋಗೆ ಎರಡು ಏರ್‌ಬ್ಯಾಗ್ ಹಾಕಿ ಮತ್ತೆ ಗುದ್ದಿಸಿದರೆ ನಾಲ್ಕು ನಕ್ಷತ್ರ. ಎರಡು ಚೀಲದ ಗಾಳಿಗೆ ನಾಲ್ಕು ನಕ್ಷತ್ರ! ಆ ಚೀಲ ಅಲ್ಲಿಯವರೆಗೆ ಯಾಕಿರಲಿಲ್ಲ? ಗಿರಾಕಿ ಕೇಳುವುದಿಲ್ಲ ಎಂಬುದು ಉತ್ತರ. ನಿಜ, ನಾವು ಸೀಟ್ ಕವರ್ ಕೇಳುತ್ತೇವೆ, ಮ್ಯಾಟು ಕೇಳುತ್ತೇವೆ, ಗಣಪತಿ ಫ್ರೀ ಕೊಡಿ ಎನ್ನುತ್ತೇವೆ. ಸತ್ತರೆ ಏನು ಮಾಡುತ್ತೀರಿ ಎಂದು ದಸರೆಯ ಮುಹೂರ್ತದಲ್ಲಿ ಯಾರು ಕೇಳುತ್ತಾರೆ? ಕೊನೆಗೆ ಕೇಳಿದ್ದು ಕಾನೂನು. ಡ್ರೈವರನ ಏರ್‌ಬ್ಯಾಗ್ 2019ರಲ್ಲಿ ಕಡ್ಡಾಯವಾಯಿತು. ಪಕ್ಕದಲ್ಲಿ ಕೂತ ಹೆಂಡತಿಯ ಜೀವ ಎಲ್ಲ ಹೊಸ ಕಾರುಗಳಲ್ಲಿ ಗಣನೆಗೆ ಬರಲು 2022 ಬರಬೇಕಾಯಿತು. ನಡುವಿನ ವರ್ಷಗಳಲ್ಲಿ ಎಷ್ಟು ಸಂಸಾರಗಳು ಅರ್ಧ ಏರ್‌ಬ್ಯಾಗಿನಲ್ಲಿ ಉದಗೀರಕ್ಕೆ ಹೋಗಿ ಬಂದವೋ.

ರಫ್ತಿಗೆ ಆರು ಏರ್‌ಬ್ಯಾಗ್ ಹಾಕುವವರಿಗೆ ಇಲ್ಲಿ ಹಾಕಲು ಏನು ಕಷ್ಟ ಎಂದು ಕೇಂದ್ರ ಮಂತ್ರಿ ನಿತಿನ್ ಗಡ್ಕರಿಯವರೇ 2022ರಲ್ಲಿ ಕೇಳಿದ್ದರು. ಆರನ್ನು ಕಡ್ಡಾಯ ಮಾಡುವ ಮಾತು ಒಂದು ವರ್ಷ ಮುಂದೆ ಹೋಯಿತು, ಆಮೇಲೆ ಕಡ್ಡಾಯ ಬೇಡ ಎಂದಾಯಿತು. ನಾವೇನು ಕಡಿಮೆಯೇ? ಸೀಟ್ ಬೆಲ್ಟ್ ಹಾಕದಿದ್ದರೆ ಕಾರು ಪೀಂಪೀಂ ಎನ್ನುತ್ತದಲ್ಲ, ಅದರ ಬಾಯಿ ಮುಚ್ಚಿಸಲು ಒಂದು ತಗಡಿನ ಕೊಕ್ಕೆ ಕಂಡುಹಿಡಿದಿದ್ದೇವೆ. ಬೆಲ್ಟಿನ ಬದಲು ಅದನ್ನು ಸಿಕ್ಕಿಸಿದರೆ ಸಾಕು. 2023ರಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರದವರು ಐದು ಆನ್‌ಲೈನ್ ಅಂಗಡಿಗಳಿಂದ ಇಂಥ ಕೊಕ್ಕೆಯ 13,118 ಜಾಹೀರಾತುಗಳನ್ನು ತೆಗೆಸಿಹಾಕಿದರು. ಜೀವ ಉಳಿಸುವುದಕ್ಕೆ ಮೋಸ ಮಾಡಲು ಹದಿಮೂರು ಸಾವಿರ ಬಗೆ. ಭಾರತಕ್ಕಂತಲೇ ಬೇರೆ ಮಾಡೆಲ್ ಯಾಕೆ ಮಾಡುತ್ತೀರಿ ಎಂದು ಕೇಳಿದರೆ ಕಂಪನಿಯವನು ಈ ಪಟ್ಟಿಯನ್ನು ಮುಂದಿಟ್ಟು ಸುಮ್ಮನೆ ಕೂತರೆ ಸಾಕು.

ಎಳ್ಳ ಅಮಾವಾಸ್ಯೆ ಬಂತು. ಕಾರು ಕೊಂಡ ಮೇಲಿನ ಮೊದಲ ಹೊಲದ ಹಬ್ಬ. ಹೊಲಕ್ಕೆ ಕಾರಿನಲ್ಲೇ ಹೋಗುವುದು, ಬೀಗರ ಹೊಲದ ಮುಂದೆ ತುಸು ನಿಧಾನ ಹೋಗುವುದು ಎಂದೆಲ್ಲ ನಿಶ್ಚಯವಾಗಿತ್ತು. ಬೆಳಿಗ್ಗೆ ಹೆಂಡತಿ ಅಂಬಲಿ ಗಡಿಗೆ, ಭಜ್ಜಿ ಬುಟ್ಟಿ, ಸಜ್ಜಿ ರೊಟ್ಟಿಯ ಗಂಟು ತಂದಿಟ್ಟಳು. ಡಿಕ್ಕಿ ತೆರೆದೆ. ಅಂಬಲಿ ಗಡಿಗೆ ನೆಟ್ಟಗೆ ನಿಲ್ಲಬೇಕು. ನಿಂತರೆ ಮುಚ್ಚಳ ಬೀಳುವುದಿಲ್ಲ. ಮಲಗಿಸಿದರೆ ಅಂಬಲಿ ಭೂತಾಯಿಗೆ ಡಿಕ್ಕಿಯಲ್ಲೇ ನೈವೇದ್ಯ. ಬುಟ್ಟಿಯನ್ನು ಅಡ್ಡ, ಉದ್ದ, ಓರೆ ಎಲ್ಲ ಹಿಡಿದು ನೋಡಿದೆ. ಶೋರೂಮಿಗೆ ಫೋನು ಮಾಡಿದರೆ ಆ ಹುಡುಗ, “ಸರ್, ಎರಡ್ ಟ್ರಾಲಿ ಬ್ಯಾಗ್ ಆರಾಮ್ ಕೂಡ್ತಾವ್ರಿ” ಅಂದ.

“ಇಂಡಿಯಾಕ್ಕಂತನೇ ಡಿಸೈನ್ ಮಾಡ್ಯಾರಂದಿದ್ಯಲ್ಲೋ?”

“ಹೌದ್ರಿ ಸರ್. ಬುಟ್ಟಿಗೆ ಮಾಡಿಲ್ಲರಿ.”

ಹದಿನೆಂಟು ಪರ್ಸೆಂಟಿನ ಕಾರನ್ನು ಎತ್ತಿನ ಕೊಟ್ಟಿಗೆಯಲ್ಲಿ ಬಿಟ್ಟು ಊರ ಕ್ರೂಸರ್ ಬಾಡಿಗೆಗೆ ಹೇಳಿದೆ. ಮುಂದೆ ಟ್ರ್ಯಾಕ್ಸ್ ಎಂದು ಬರೆದಿದ್ದರೂ ಊರಿಗೆ ಅದು ಕ್ರೂಸರೇ. ಬಜಾಜ್ ಟೆಂಪೋದವರು ಬೆಂಜ್ ಕಂಪನಿಯ ಲೈಸೆನ್ಸ್ ಪಡೆದು ಮಾಡುತ್ತಿದ್ದ ಡೀಸೆಲ್ ಇಂಜಿನ್ನಿನ ಗಾಡಿ. ಅಂದರೆ ಭಾಲ್ಕಿ ಸಂತೆಗೆ ಹೋಗುವ ಆಡು-ಕೋಳಿ, ಮುದುಕ-ಮುದುಕಿ ಎಲ್ಲರೂ ಬೆಂಜ್ ವಂಶದ ಮೇಲೆ ಸವಾರಿ ಮಾಡಿದವರೇ. ಕಾಗದದಲ್ಲಿ ಹನ್ನೆರಡು ಮಂದಿ. ಅವತ್ತು ನಾವು ಹತ್ತೊಂಬತ್ತು, ಗಡಿಗೆ ಬುಟ್ಟಿ ಬಿಟ್ಟು. ತೆರಿಗೆಯವರು ದೊಡ್ಡ ಗಾಡಿ ಯಾವುದು ಎಂದು ತೀರ್ಮಾನಿಸಲು ಹೊಟ್ಟೆ ನೆಲದಿಂದ 170 ಮಿಲಿಮೀಟರ್ ಎತ್ತರ ಇದೆಯೇ ಎಂದು ನೋಡುತ್ತಿದ್ದರು, ಅದೂ ಖಾಲಿ ಗಾಡಿಯಲ್ಲಿ ಅಳೆಯಬೇಕು ಎಂದು ಜಿಎಸ್‌ಟಿ ಮಂಡಳಿ 2023ರಲ್ಲಿ ಸ್ಪಷ್ಟಪಡಿಸಿತ್ತು. ಖಾಲಿ ಕ್ರೂಸರನ್ನು ನಮ್ಮ ಭಾಗದಲ್ಲಿ ಯಾರೂ ಕಂಡಿಲ್ಲವಾದ್ದರಿಂದ ಈ ಬಗ್ಗೆ ನನಗೆ ಅಭಿಪ್ರಾಯವಿಲ್ಲ.

ಹತ್ತೊಂಬತ್ತನೆಯವನು ನಮ್ಮಕ್ಕನ ಮಗ, ಅಮೆರಿಕದ ಟೆಕ್ಸಾಸಿನಿಂದ ರಜೆಗೆ ಬಂದವನು. ಹತ್ತಿದವನೇ ತೊಡೆಯ ಅಕ್ಕಪಕ್ಕ ಕೈಯಾಡಿಸಿದ.

“ಬೆಲ್ಟ್ ಎಲ್ಲದ ಮಾಮಾ?”

ನಾನು ಬಾಯಿ ತೆರೆಯುವುದರೊಳಗೆ ಡ್ರೈವರ್ ಹೇಳಿದ: “ಇಷ್ಟ್ ಮಂದಿ ಕುಂತ ಮ್ಯಾಲ ಯಾರ್ ಅಲುಗ್ತಾರ್ರಿ ಸಾಹೇಬ್ರ? ಅತ್ಲಾಗೊಬ್ರು ಇತ್ಲಾಗೊಬ್ರು, ಅವರೇ ಬೆಲ್ಟ್.”

ಹೊಲದಲ್ಲಿ ಚರಗ ಚೆಲ್ಲಿ, ಐದು ಕಲ್ಲಿನ ಪಾಂಡವರಿಗೆ ಎಡೆ ತೋರಿಸಿ, ಜೋಳದ ನಡುವೆ ಭಜ್ಜಿ ರೊಟ್ಟಿ ಹಿಡಿದು ಕೂತಾಗ ಅಳಿಯ ಮೊಬೈಲಿನಲ್ಲಿ ತನ್ನ ಗಾಡಿ ತೋರಿಸಿದ. ಹತ್ತಿರ ಹತ್ತಿರ ಆರು ಮೀಟರಿನ ಪಿಕಪ್, ನಮ್ಮ ಕೊಟ್ಟಿಗೆಯಲ್ಲಿ ನಿಲ್ಲಿಸಿದರೆ ಹಿಂದಿನ ಗಾಲಿ ಅಂಗಳದಲ್ಲಿ. ಮುತ್ಯಾ ಕನ್ನಡಕ ಏರಿಸಿ ನೋಡಿದ.

“ಇದರಾಗ ಏನ್ ಹೇರ್ತೀ ತಮ್ಮಾ? ಕಬ್ಬ?”

“ಏನಿಲ್ಲ ಮುತ್ಯಾ. ಲ್ಯಾಪ್‌ಟಾಪ್ ಒಯ್ತೀನಿ.”

ಮುತ್ಯಾ ಬಹಳ ಹೊತ್ತು ರೊಟ್ಟಿ ಅಗಿದ.

ಅಲ್ಲಿ ಸಣ್ಣ ಪಿಕಪ್ ಸಿಗುವುದಿಲ್ಲವೇ ಎಂದು ಕೇಳಿದೆ. ಸಿಗದಿರುವುದಕ್ಕೆ ಒಂದು ಕಾರಣ ಕೋಳಿ ಎಂದ. ತಮಾಷೆ ಎಂದುಕೊಂಡೆ. ಅಲ್ಲ. 1960ರ ದಶಕದ ಆರಂಭದಲ್ಲಿ ಅಮೆರಿಕದ ಅಗ್ಗದ ಕೋಳಿಮಾಂಸಕ್ಕೆ ಯುರೋಪಿನವರು ಸುಂಕ ಹಾಕಿದರು. ಸಿಟ್ಟಾದ ಅಧ್ಯಕ್ಷ ಲಿಂಡನ್ ಜಾನ್ಸನ್ 1963ರ ಡಿಸೆಂಬರಿನಲ್ಲಿ ಆಲೂಗಡ್ಡೆ ಪಿಷ್ಟ, ಡೆಕ್ಸ್ಟ್ರಿನ್, ಬ್ರಾಂದಿ ಮತ್ತು ಹೊರದೇಶದ ಸಣ್ಣ ಟ್ರಕ್ಕಿನ ಮೇಲೆ 25 ಪರ್ಸೆಂಟ್ ಸುಂಕಕ್ಕೆ ಸಹಿ ಹಾಕಿದರು. ಬ್ರಾಂದಿಯ ಜಗಳ ಎಂದೋ ಮುಗಿಯಿತು, ಕುಡಿಯುವವರು ರಾಜಿಯಾಗುವುದು ಬೇಗ. ಟ್ರಕ್ಕಿನ ಸುಂಕ ಅರವತ್ತು ವರ್ಷದ ಮೇಲೂ ನಿಂತಿದೆ. ಪರದೇಶದ ಸಣ್ಣ ಪಿಕಪ್ಪುಗಳಿಗೆ ಬಾಗಿಲು ಮುಚ್ಚಿತು, ಒಳಗಿನವು ಮೇಯಲು ಬಿಟ್ಟ ಹೋರಿಯ ಹಾಗೆ ಬೆಳೆದವು. ಕೋಳಿ ಜಗಳದಲ್ಲಿ ಹುಟ್ಟಿದ ಗಾಡಿಯನ್ನು ಅವರು ಅಮೆರಿಕದ ಸ್ವಭಾವ ಎಂದು ಕರೆಯುತ್ತಾರೆ, ನಾವು ಗುಮಾಸ್ತನ ಟೇಪನ್ನು ಭಾರತೀಯರ ಅಭಿರುಚಿ ಎಂದ ಹಾಗೆ.

ನಮ್ಮ ಕಡೆಯ ಸರಕು ಅಲ್ಲಿ ಇಲ್ಲವೆಂದಲ್ಲ. ಜಹೀರಾಬಾದಿನಲ್ಲಿ ಕಾರ್ಖಾನೆ ಇರುವ ಮಹೀಂದ್ರಾದವರ ಟ್ರ್ಯಾಕ್ಟರು ಟೆಕ್ಸಾಸಿನ ಹೊಲದಲ್ಲೂ ಓಡುತ್ತದೆ. ಅವರ ಜೀಪು 2018ರಲ್ಲಿ ‘ರಾಕ್ಸರ್’ ಎಂದು ಅಮೆರಿಕಕ್ಕೆ ಹೋಯಿತು, ಆದರೆ ಹೊಲ-ಗುಡ್ಡದಲ್ಲಿ ಓಡಿಸಲು ಮಾತ್ರ, ರಸ್ತೆಗೆ ಇಳಿಸುವ ಗಾಡಿಯಾಗಿ ಅಲ್ಲ. ಇದರ ಮುಖ ನಮ್ಮ ಜೀಪಿನ ಹಾಗಿದೆ ಎಂದು ಅಲ್ಲಿಯ ಜೀಪಿನವರು ದಾವೆಯನ್ನೂ ಹೂಡಿದರು. ನಮ್ಮಲ್ಲಿ ರಸ್ತೆಯೇ ಹೊಲದ ಹಾಗಿರುವುದರಿಂದ ಈ ಭೇದ ಎಂದೂ ತೊಂದರೆ ಕೊಟ್ಟಿಲ್ಲ.

ಸಂಜೆ ಹೊರಡುವ ಮುಂದೆ ಅಳಿಯ ಕ್ರೂಸರಿನ ಫೋಟೋ ತೆಗೆದ. ಹಿಂದಿನ ಬಾಗಿಲು ತೆರೆದು ಕಾಲು ಇಳಿಬಿಟ್ಟ ನಾಲ್ಕು ಹುಡುಗರು, ಮೇಲೆ ಕ್ಯಾರಿಯರಿನಲ್ಲಿ ಬರಿದಾದ ಅಂಬಲಿ ಗಡಿಗೆ ಹಿಡಿದುಕೊಂಡ ಇಬ್ಬರು. ಟೆಕ್ಸಾಸಿನ ಗೆಳೆಯರಿಗೆ ಕಳಿಸಿದ. ಸಣ್ಣಹಳ್ಳ ದಾಟುವುದರೊಳಗೆ ಉತ್ತರ ಬಂತು, ಅಲ್ಲಿ ಆಗಷ್ಟೇ ಬೆಳಗಾಗಿತ್ತು.

“ಭಾಳ ಭಾರಿ ಅದ, ಇದು ಯಾವ ಮಾಡೆಲ್, ನಮಗ ಸಿಗ್ತದೇನು ಅಂತ ಕೇಳ್ಯಾರ ಮಾಮಾ” ಎಂದು ನಕ್ಕ.

“ಸಿಗ್ತದೇನು?”

“ಇಲ್ಲ. ಅಲ್ಲಿಯ ಸುರಕ್ಷತಾ ನಿಯಮಕ್ಕ ಕೂಡದ ಗಾಡಿ ಒಳಗ ಬಿಡಂಗಿಲ್ಲ. ಇಪ್ಪತ್ತೈದ್ ವರ್ಷ ಹಳೇದಾಗಿದ್ರ ಮಾತ್ರ ಬಿಡ್ತಾರ.”

ಡ್ರೈವರ್ ಗೇರು ಹಾಕುವುದನ್ನು ಅರ್ಧಕ್ಕೆ ಬಿಟ್ಟು ಹಿಂದಕ್ಕೆ ತಿರುಗಿದ.

“ನಮ್ ಗಾಡಿಗಿ ಇಪ್ಪತ್ತೇಳಾಗ್ಯಾದ್ರಿ ಸಾಹೇಬ್ರ. ಎಷ್ಟ್ ಕೊಡ್ತಾರಂತ ಕೇಳ್ರಿ?”